ಮುಟ್ಟಿಗೆ ಮುಂಚೆ ಬರುವ ಮೂರ್ಛೆ

ಫೋರ್ಟ್ ಪೋರ್ಟಲ್ ಪಟ್ಟಣದ ಆಚೆಯ ಹಳ್ಳಿಯಲ್ಲಿ, ಬಾಳೆಕಾಯಿ ಬೇಯುತ್ತಿದ್ದ ಒಲೆಯ ಪಕ್ಕದಲ್ಲೇ ಕೊಬುಸಿಂಗೆ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಜೊಲ್ಲು ತಾಗಿದರೆ ತಮಗೂ ಅಂಟೀತೆಂದು ಅಕ್ಕಪಕ್ಕದವರು ದೂರವೇ ನಿಂತರು. ಗೆಳತಿ ತುಸೀಮೆ ಓಡಿಬಂದು, ಅವಳನ್ನು ಬೆಂಕಿಯಿಂದ ಈಚೆಗೆಳೆದು, ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆ ಮಡಚಿಟ್ಟಳು. ಬಾಯಿಗೆ ಚಮಚ ತುರುಕಲು ಬಂದ ಅತ್ತೆ ನ್ಯಾಂಗೋಮಳ ಕೈ ಹಿಡಿದು ತಡೆದಳು.

ಕೊಬುಸಿಂಗೆಗೆ ಎಚ್ಚರವಾದಾಗ ಅತ್ತೆಯ ದನಿಯೇ ಮೊದಲು ಕಿವಿಗೆ ಬಿತ್ತು.

"ತವರಿಂದ ಬಂದ ದೆವ್ವ ಇದು. ಹೆಣ್ಣಿಗೆ ತೆರ ಅಂತ ನಮ್ಮ ಹಸು ಹೊಡ್ಕೊಂಡು ಹೋದೋರು ಇದೊಂದು ವಿಷಯ ಬಾಯಿ ಬಿಡಲೇ ಇಲ್ಲ."

"ದೆವ್ವಕ್ಕೆ ಇವಳ ಮುಟ್ಟಿನ ದಿನ ಹೇಗೆ ಗೊತ್ತಾಗುತ್ತೆ ದೊಡ್ಡಮ್ಮ?" ಎಂದಳು ತುಸೀಮೆ. "ಇವಳ ಜೊತೆ ಹೊಳೇಲಿ ಬಟ್ಟೆ ಒಗೆಯೋಳು ನಾನು. ಬಿದ್ದ ಮಾರನೇ ದಿನವೇ ಮುಟ್ಟಾಗ್ತಾಳೆ. ಎಷ್ಟೋ ಸಲ ನೋಡಿದೀನಿ."

ಹೌದಲ್ಲ ಅನ್ನಿಸಿತು ಕೊಬುಸಿಂಗೆಗೆ. ತನಗೇ ಹೊಳೆದಿರಲಿಲ್ಲ.

ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ನರ್ಸ್ ಬಿರುಂಗಿ ಎಲ್ಲ ಕೇಳಿಸಿಕೊಂಡಳು.

"ಹೆಣ್ಣಿನ ಮೈಯಲ್ಲಿ ಎರಡು ಹಾರ್ಮೋನು ಇವೆ. ಒಂದು ಮಿದುಳನ್ನ ಕೆರಳಿಸುತ್ತೆ, ಇನ್ನೊಂದು ತಣಿಸುತ್ತೆ. ಮುಟ್ಟಿಗೆ ಮುಂಚೆ ಆ ತಣಿಸೋದು ಇಳಿದುಹೋಗುತ್ತೆ. ಮೂರ್ಛೆರೋಗ ಇರೋ ಕೆಲವರಿಗೆ ಆಗಲೇ ಕಾಟ ಜಾಸ್ತಿ. ಹಿಂದೆ ಇಲ್ಲಿ ಕೊಟ್ಟ ಮಾತ್ರೆ ತಗೊಳ್ತಿದೀಯ ತಾನೇ?"

ಕೊಬುಸಿಂಗೆ ತಲೆ ತಗ್ಗಿಸಿದಳು. "ಬಿಟ್ಟಿದೀನಿ ಸಿಸ್ಟರ್. ಗರ್ಭ ಒಣಗುತ್ತೆ ಅಂದ್ರು. ನನಗೆ ಮಗು ಬೇಕು."

"ನಾನೇ ಅಂದಿದ್ದು," ಎಂದಳು ನ್ಯಾಂಗೋಮ. "ಬಸುರಾದ್ರೆ ಮುಟ್ಟೇ ಇರಲ್ಲ. ಮತ್ತೆ ಮಾತ್ರೆ ಯಾಕೆ?"

"ಬಸುರಲ್ಲೂ ಮೂರ್ಛೆ ಬರುತ್ತೆ ಅಜ್ಜಿ. ಬಿದ್ದರೆ ತಾಯಿಗೂ ಪೆಟ್ಟು, ಮಗುವಿಗೂ ಪೆಟ್ಟು. ಕೆಲವು ಮಾತ್ರೆ ಬಸುರಿಗೆ ಆಗಿಬರಲ್ಲ, ಅದು ನಿಜ. ಅದಕ್ಕೇ ಮೊದಲೇ ಹೇಳಿದ್ರೆ ಡಾಕ್ಟರು ಬೇರೆ ಕೊಡ್ತಾರೆ. ನೀವಾಗೇ ನಿಲ್ಲಿಸಬಾರದು."

ನ್ಯಾಂಗೋಮ ದನಿ ತಗ್ಗಿಸಿದಳು. "ಇಂಥೋಳು ಹೆರೋದುಂಟಾ?"

"ನಿಮ್ಮೂರಲ್ಲೇ ಹೆತ್ತಿದ್ದಾರೆ. ಆಡ್ಕೊಳ್ತೀರಿ ಅಂತ ನಿಮಗೆ ಹೇಳಿಲ್ಲ, ಅಷ್ಟೇ."

ಡಾಕ್ಟರು ಮಾತ್ರೆ ಬದಲಿಸಿದರು. ಕೊಬುಸಿಂಗೆ ಒಂದು ಹೊತ್ತೂ ತಪ್ಪಿಸದೆ ನುಂಗಿದಳು. ಮೂರ್ಛೆ ಅಪರೂಪವಾಯಿತು. ಮುಂದಿನ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಈಗ ನೀರಿನ ಲೋಟ ಹಿಡಿದು ನಿಲ್ಲುವವಳು ಅತ್ತೆಯೇ: "ಮೊದಲು ಮಾತ್ರೆ. ಆಮೇಲೆ ನನ್ನ ಮೊಮ್ಮಗಳಿಗೆ ಹಾಲು."

ಅಕ್ಕತಂಗಿಯರೇ, ಮುಟ್ಟಿನ ಆಸುಪಾಸಿನಲ್ಲೇ ಮೂರ್ಛೆ ಹೆಚ್ಚುತ್ತಿದ್ದರೆ ನಾಚದೆ ನರ್ಸ್ ಮುಂದೆ ಹೇಳಿ. ಮಗು ಬೇಕೆಂದಾಗಲೂ ಹೇಳಿ, ಸದ್ಯಕ್ಕೆ ಬೇಡವೆಂದಾಗಲೂ ಹೇಳಿ. ಮೂರ್ಛೆಯ ಕೆಲವು ಮಾತ್ರೆಗಳ ಜೊತೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ. ಮನೆಯವರೇ, ಮೂರ್ಛೆ ಅಂಟುವ ರೋಗವಲ್ಲ; ಬಿದ್ದವಳಿಂದ ದೂರ ಸರಿಯಬೇಡಿ, ಆಸ್ಪತ್ರೆಗೆ ಅವಳ ಜೊತೆ ನಡೆಯಿರಿ.