ಮಲಗಿಕೊಂಡು ಹತ್ತಿದ ಘಟ್ಟ

ನಾನು ಹುಟ್ಟಿದ್ದು ವಿಜಯಪುರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ನನ್ನ ಒಂದು ಬದಿಗೆ ಯಾರದೋ ಮನೆಯ ಅರ್ಧ ಗೇಟು, ಇನ್ನೊಂದು ಬದಿಗೆ ಇನ್ನೂ ಬಣ್ಣ ಕಾಣದ ಕಿಟಕಿ ಸರಳುಗಳು. ನಾನು ಸೈಕಲ್ಲೇ, ಆದರೆ ನೀವು ದಿನವೂ ಬೀದಿಯಲ್ಲಿ ನೋಡುವಂಥದ್ದಲ್ಲ. ನನ್ನ ಮೇಲೆ ಯಾರೂ ನೆಟ್ಟಗೆ ಕೂರುವುದಿಲ್ಲ. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಬೆನ್ನು ಆನಿಸಿ, ಕಾಲು ಮುಂದಕ್ಕೆ ಚಾಚಿ, ಆಕಾಶ ನೋಡುತ್ತ ಪೆಡಲು ತುಳಿಯಬೇಕು.

ನನ್ನ ಹಿಂಭಾಗ ಮಾತ್ರ ನನಗಿಂತ ಹಳೆಯದು. ಅದು ಸುಗಲಾ ಬಿರಾದಾರಳ ರೇಸಿನ ಸೈಕಲ್ಲಿನದು. ಆಕೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಹತ್ತೊಂಬತ್ತನೇ ವಯಸ್ಸಿನಿಂದ ಊರೂರು ತಿರುಗಿ ಸೈಕಲ್ ಸ್ಪರ್ಧೆ ಗೆದ್ದವಳು. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಜಮಖಂಡಿ ರಸ್ತೆಯಲ್ಲಿ ಒಂದು ಎಮ್ಮೆಗರು ಅಡ್ಡ ಬಂದು ಬಿದ್ದಳು. ಕುತ್ತಿಗೆಯ ಎಲುಬಿಗೆ ಪೆಟ್ಟಾಯಿತು. ಇನ್ನು ಮುಂದೆ ಬಗ್ಗಿ ಸೈಕಲ್ ತುಳಿಯುವ ಹಾಗಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ರೇಸಿನ ಸೈಕಲ್ಲನ್ನು ಬಗ್ಗದೆ ತುಳಿಯುವುದಾದರೂ ಹೇಗೆ? ಎಂಟು ತಿಂಗಳು ಆಕೆ ಅದರ ಕಡೆ ತಿರುಗಿಯೂ ನೋಡಲಿಲ್ಲವಂತೆ. ಆಮೇಲೆ ಒಂದು ಬೆಳಗ್ಗೆ ಆ ಮುರುಕು ಸೈಕಲ್ಲನ್ನು ಆಟೋದಲ್ಲಿ ಹಾಕಿಕೊಂಡು ದಸ್ತಗೀರ ಕಾಕಾನ ಅಂಗಡಿಗೆ ಬಂದಳು. ಫೋನಿನಲ್ಲಿದ್ದ ಒಂದು ಚಿತ್ರ ತೋರಿಸಿದಳು.

"ಕಾಕಾ, ಇಂಥಾದ್ದೊಂದು ಮಾಡಾಕ ಬರ್ತದೇನ್ರಿ?"

ಕಾಕಾ ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅವರು ಜೀವಮಾನವೆಲ್ಲ ಗೇಟು, ಕಿಟಕಿ, ಕಬ್ಬಿಣದ ಮಂಚ ಮಾಡಿದವರು. "ಅಕ್ಕೋರ, ಇದು ಸೈಕಲ್ಲೋ ಹೊರಸೋ?" ಎಂದು ಕೇಳಿದರು.

"ಎರಡೂ ಅನ್ಕೋರಿ," ಎಂದಳು ಸುಗಲಾ.

ಅದಕ್ಕೇ ಇರಬೇಕು, ಕಾಕಾ ನನ್ನ ಸೀಟಿಗೆ ಹೊರಸಿನ ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನೇ ಬಿಗಿದರು. ಮುಂದಿನ ಗಾಲಿ ಮಕ್ಕಳ ಸೈಕಲ್ಲಿನಷ್ಟು ಸಣ್ಣದು. ಪೆಡಲು ಮುಂದೆ, ಚೈನು ಎಳೆಯುವ ಗಾಲಿ ಹಿಂದೆ. ಹಾಗಾಗಿ ಚೈನು ಸಾಲದೆ ಮೂರು ಚೈನುಗಳನ್ನು ಸೇರಿಸಿ ಒಂದು ಮಾಡಿದರು. ಮೊದಲ ದಿನ ನಾವು ನಾಲ್ಕು ಸಲ ಬಿದ್ದೆವು. ಐದನೇ ಸಲ ಬೀಳಲಿಲ್ಲ. ಸುಗಲಾ ನನ್ನ ಮಡಿಲಲ್ಲಿ ಒರಗಿ ಮೇಲೆ ನೋಡಿದಳು. ಎರಡು ಹದ್ದುಗಳು ಎತ್ತರದಲ್ಲಿ ಸುತ್ತುತ್ತಿದ್ದವು. ಆಕೆ ಪೆಡಲು ತುಳಿದಂತೆಲ್ಲ ಅವೇ ಹಿಂದಕ್ಕೆ ಜಾರಿದ ಹಾಗೆ ಕಾಣುತ್ತಿತ್ತು. "ಕಾಕಾ, ಮುಗಿಲ ಓಡಾಕತ್ತೇದ್ರಿ!" ಎಂದು ಕೂಗಿದಳು.

ಕಾರವಾರದಿಂದ ಧಾರವಾಡದ ತನಕ ಒಂದು ಸೈಕಲ್ ಸವಾರಿಗೆ ಆಕೆ ಹೆಸರು ಕೊಟ್ಟಿರುವುದು ಆಮೇಲೆ ತಿಳಿಯಿತು. ಇನ್ನೂರರ ಹತ್ತಿರ ಕಿಲೋಮೀಟರು, ಹದಿಮೂರೂವರೆ ಗಂಟೆಯೊಳಗೆ ಮುಟ್ಟಬೇಕು. ನಡುವೆ ಅರಬೈಲಿನ ಘಟ್ಟ. "ಇದೊಂದು ತುಳದ್ರ ನಾ ಇನ್ನೂ ಸೈಕಲ್ಲಿನಾಕಿ. ಇಲ್ಲಂದ್ರ ಸೀಟಿ ಊದ್ಕೋತ ಮೈದಾನದಾಗ ನಿಂದ್ರೂದು ಇದ್ದದ್ದ ಅದ," ಎಂದು ಕಾಕಾನಿಗೆ ಹೇಳಿದಳು.

ಆದರೆ ನಮ್ಮೂರ ಸುತ್ತ ಘಟ್ಟವೆಲ್ಲಿದೆ? ಕಣ್ಣು ಹೋದಷ್ಟು ದೂರ ಜೋಳದ ಹೊಲ, ಸೂರ್ಯಕಾಂತಿ, ಕರಿನೆಲ. ಮೊದಲ ಸಲ ದೂರದಿಂದ ಗೋಳಗುಮ್ಮಟ ಕಂಡಾಗ ಬೆಟ್ಟವೆಂದರೆ ಇದೇ ಇರಬೇಕು ಎಂದುಕೊಂಡಿದ್ದೆ. ಸುಗಲಾ ಗಾಳಿಯನ್ನೇ ಬೆಟ್ಟ ಮಾಡಿಕೊಂಡಳು. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಆಳನ್ನು ಹಿಂದಕ್ಕೆ ದೂಡುತ್ತದೆ. ಆ ಗಾಳಿಗೆ ಎದುರಾಗಿ, ಹಿಂದೆ ಎರಡು ಉಸುಕಿನ ಚೀಲ ಕಟ್ಟಿಕೊಂಡು ನಸುಕಿನಲ್ಲಿ ಹೊರಡುತ್ತಿದ್ದೆವು. ಗಾಳಿಗೆ ಬೇಸರವಾದ ದಿನ ರೈಲ್ವೆ ಮೇಲ್ಸೇತುವೆಯನ್ನು ಮೂವತ್ತು ಸಲ ಹತ್ತಿ ಇಳಿಯುವುದು.

ಎಲ್ಲಕ್ಕಿಂತ ಕಷ್ಟದ್ದು ಮೆಲ್ಲಗೆ ಹೋಗುವುದನ್ನು ಕಲಿಯುವುದಾಗಿತ್ತು. ಬೇರೆ ಸೈಕಲ್ಲಿನವರು ಏರಿನಲ್ಲಿ ಎದ್ದು ನಿಂತು ತುಳಿಯುತ್ತಾರೆ. ನನ್ನ ಮೇಲೆ ಎದ್ದು ನಿಲ್ಲಲಾಗುವುದಿಲ್ಲ. ಕಾಲನ್ನು ಹಗುರಾಗಿ, ಬೇಗ ಬೇಗ ತಿರುಗಿಸುತ್ತ ಇರುವೆಯ ಹಾಗೆ ಹತ್ತಬೇಕು. ಅಷ್ಟು ನಿಧಾನವಾದರೆ ನನ್ನ ಮುಂಗಾಲಿ ತೊನೆಯುತ್ತದೆ. ಅದಕ್ಕಾಗಿ ರಸ್ತೆಯ ಬಿಳಿಗೆರೆಯ ಮೇಲೆ ನಾವು ನಡಿಗೆಯ ವೇಗದಲ್ಲಿ ಸಾಗುತ್ತಿದ್ದೆವು. ಪಕ್ಕದಲ್ಲಿ ಕಾಕಾ ಬೀಡಿ ಸೇದುತ್ತ ನಡೆಯುತ್ತಿದ್ದರು. "ಇನ್ನೂ ಮೆಲ್ಲಕ ಬರ್ರಿ, ನಾನ ಮುಂದ ಆಗವಲ್ಲೆ," ಎನ್ನುತ್ತಿದ್ದರು. ಸಂಜೆ ಪಡುವಣದಲ್ಲಿ ಮೋಡ ಕಟ್ಟಿದರೆ ಸುಗಲಾ ತುಳಿಯುವುದನ್ನು ಬಿಟ್ಟು ನೋಡುತ್ತ ಒರಗಿರುತ್ತಿದ್ದಳು. ಒಂದರ ಹಿಂದೊಂದು ನೀಲಿ ಏರು, ನಡುವೆ ಬೆಳಕಿನ ಕಣಿವೆ. ಅಲ್ಲೇ ಎಲ್ಲೋ ನಮ್ಮ ರಸ್ತೆಯೂ ಇದೆ ಎಂದು ನನಗೂ ಅನ್ನಿಸುತ್ತಿತ್ತು.

ನವೆಂಬರಿನ ಒಂದು ಬೆಳಗ್ಗೆ ಐದೂವರೆಗೆ ಕಾರವಾರದ ಕಡಲ ದಂಡೆಯಿಂದ ಹೊರಟೆವು. ಕಾಕಾ ತಮ್ಮ ಟೆಂಪೋದಲ್ಲಿ ಹಿಂದೆ ಬಂದರು. ದಾರಿಯಲ್ಲಿ ತುಳಿಯುವವರನ್ನು ಬಿಟ್ಟು ಬೇರೆ ಯಾರೂ ಸೈಕಲ್ಲಿಗೆ ಕೈ ಹಚ್ಚುವಂತಿಲ್ಲ ಎಂಬುದು ಸವಾರಿಯ ನಿಯಮ.

ಘಟ್ಟ ಶುರುವಾದಾಗ ನನಗೆ ಅದು ಘಟ್ಟವೆಂದೇ ಗೊತ್ತಾಗಲಿಲ್ಲ. ಮರಗಳು ಒಂದರ ಮೇಲೊಂದು ನಿಂತ ಹಾಗಿದ್ದವು. ಮಂಜು ರಸ್ತೆಯವರೆಗೂ ಇಳಿದಿತ್ತು. ಎರಡು ತಿರುವು ಚೆನ್ನಾಗಿಯೇ ಹತ್ತಿದೆವು. ಮೂರನೆಯದರಲ್ಲಿ ಹೊರೆ ತುಂಬಿದ ಲಾರಿಯೊಂದು ಮೈಗೆ ತಾಗುವಷ್ಟು ಹತ್ತಿರದಿಂದ ಗುರುಗುಟ್ಟುತ್ತ ಹೋಯಿತು. ನಾನು ತೊನೆದೆ. ಆಕೆ ಕಾಲು ಕೆಳಗಿಟ್ಟಳು. ಏರಿನಲ್ಲಿ ಒಮ್ಮೆ ನಿಂತರೆ ನನ್ನನ್ನು ಮತ್ತೆ ಹೊರಡಿಸುವುದು ಸುಲಭವಲ್ಲ. ಒಂದು ಕಾಲು ಪೆಡಲಿನ ಮೇಲಿದ್ದು, ಇನ್ನೊಂದು ನೆಲ ಬಿಡುವಷ್ಟರಲ್ಲಿ ಗಾಲಿ ಹೊರಳುತ್ತದೆ. ಒಮ್ಮೆ ಹೊರಳಿತು, ಮತ್ತೊಮ್ಮೆ ಹೊರಳಿತು. ಮೂರನೇ ಸಲ ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದೆವು. ಆಕೆಯ ಮೊಣಕೈ ತರಚಿತು.

ಕಾಕಾ ಟೆಂಪೋ ನಿಲ್ಲಿಸಿ ಓಡಿಬಂದರು. ಕೈಗಳು ನನ್ನ ಸೀಟಿನ ಹತ್ತಿರ ಬಂದೇ ಬಿಟ್ಟವು.

"ಕೈ ಹಚ್ಚಬ್ಯಾಡ್ರಿ ಕಾಕಾ!"

ಅವರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡರು. "ಇಲ್ರಿ, ಹಚ್ಚೂದಿಲ್ಲ. ಸುಮ್ನ ನಿಂತೀನಿ," ಎಂದರು. ಸುಗಲಾ ರಸ್ತೆಯ ಬದಿಯಲ್ಲಿ ಕೂತು ಮೊಣಕಾಲಿಗೆ ಹಣೆ ಹಚ್ಚಿದಳು. ಬೇರೆ ಸೈಕಲ್ಲುಗಳು ಒಂದೊಂದಾಗಿ ನಮ್ಮನ್ನು ದಾಟಿ ಮಂಜಿನಲ್ಲಿ ಕರಗಿದವು.

ತುಸು ಹೊತ್ತಾದ ಮೇಲೆ ಕಾಕಾ ಮೆತ್ತಗೆ ಕೇಳಿದರು: "ಅಕ್ಕೋರ, ನಡಕೋತ ಹೋದ್ರ ತಪ್ಪೇನ್ರಿ?"

"ತಪ್ಪಿಲ್ರಿ. ಆದ್ರ ನಾ ಎಂದೂ ಸೈಕಲ್ ದಬ್ಕೋತ ಘಟ್ಟ ಹತ್ತಿಲ್ಲ."

"ನಾನೂ ಎಂದೂ ಹೊರಸಿಗೆ ಚೈನ್ ಹಾಕಿದ್ದಿಲ್ರಿ."

ಆಕೆಗೆ ಅಳುವಿನ ನಡುವೆಯೇ ನಗು ಬಂತು. ಎದ್ದಳು. ನನ್ನನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲ್ ಹಿಡಿದು ನಡೆಯತೊಡಗಿದಳು.

ಅಲ್ಲಿಯತನಕ ನನಗೆ ಆಕೆಯ ಬೆನ್ನಷ್ಟೇ ಗೊತ್ತಿತ್ತು. ಅಂದು ಮೊದಲ ಸಲ ಇಬ್ಬರೂ ಅಕ್ಕಪಕ್ಕ ನಡೆದೆವು. ಆಕೆಯ ಗದ್ದದ ತುದಿಯಲ್ಲಿ ಮಂಜು ಹನಿಗಟ್ಟಿತ್ತು. ಎಲ್ಲೋ ನೀರು ಬೀಳುವ ಸದ್ದು, ಇನ್ನೆಲ್ಲೋ ಒಂದೇ ಹಕ್ಕಿಯ ಕೂಗು. ಏರು ಮಟ್ಟಸವಾದ ಕಡೆ ಆಕೆ ಮತ್ತೆ ನನ್ನ ಮಡಿಲಿಗೆ ಒರಗಿ ತುಳಿಯುತ್ತಿದ್ದಳು. ಕಡಿದಾದರೆ ಇಳಿದು ನಡೆಯುತ್ತಿದ್ದಳು. ಮೇಲೆ ಕೊಂಬೆಗಳ ನಡುವೆ ಆಕಾಶ ಸಣ್ಣ ಹೊಳೆಯ ಹಾಗೆ ಹರಿಯುತ್ತಿತ್ತು. ನಾವು ಅದರ ತಳದಲ್ಲಿ ತೇಲುತ್ತಿದ್ದ ಹಾಗೆ ನನಗನ್ನಿಸಿತು. ಎಷ್ಟು ಹೊತ್ತು ಹತ್ತಿದೆವೋ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಬಿಸಿಲು ಬಿತ್ತು. ಘಟ್ಟ ಮುಗಿದಿತ್ತು.

ಯಲ್ಲಾಪುರ ದಾಟಿದ ಮೇಲೆ ನಾನು ಹಾರಿದೆ ಎಂದೇ ಹೇಳಬೇಕು. ನೆಲಕ್ಕೆ ಹತ್ತಿರವಿದ್ದ ನಮ್ಮ ಮೇಲಿಂದ ಗಾಳಿ ಸುಮ್ಮನೆ ದಾಟಿಹೋಗುತ್ತಿತ್ತು. ಆದರೂ ಹುಬ್ಬಳ್ಳಿಯಲ್ಲೇ ಕತ್ತಲಾಯಿತು. ಧಾರವಾಡದಲ್ಲಿ ಸವಾರಿ ಮುಗಿಯುವ ಜಾಗಕ್ಕೆ ತಲುಪಿದಾಗ ಮೇಜು ಮಡಚುತ್ತಿದ್ದರು. ಪುಸ್ತಕ ಹಿಡಿದವನು ಗಡಿಯಾರ ನೋಡಿದ.

"ಒಂಬತ್ತು ನಿಮಿಷ ಹೆಚ್ಚಾಗೇದ್ರಿ ಅಕ್ಕಾ. ಏಳು ಅಂತ ಬರೀಲೇನು? ಯಾರೂ ಕೇಳೂದಿಲ್ಲ."

ಕಾಕಾ ಹೂಂ ಎಂದು ಜೋರಾಗಿ ತಲೆಯಾಡಿಸಿದರು. ಸುಗಲಾ ನನ್ನ ಸೀಟಿನಿಂದ ಎದ್ದಿರಲೂ ಇಲ್ಲ. "ಬ್ಯಾಡ್ರಿ. ಏಳು ಒಂಬತ್ತು ಅಂತನ ಬರೀರಿ," ಎಂದಳು. "ನಾ ನಡದು ಬಂದೀನಿ. ಅದನ್ನ ಅಳಿಸಬ್ಯಾಡ್ರಿ."

ಆತ ಹಾಗೆಯೇ ಬರೆದ.

ಮರುವರ್ಷ ನಾವು ಅದೇ ಘಟ್ಟವನ್ನು ಒಮ್ಮೆಯೂ ಇಳಿಯದೆ ಹತ್ತಿದೆವು. ಮೂವತ್ತನಾಲ್ಕು ನಿಮಿಷ ಮೊದಲೇ ಮುಟ್ಟಿದೆವು. ಆ ಸಲದ ಪದಕ ಆಕೆಯ ಮನೆಯಲ್ಲಿದೆ. ಆದರೆ ಆ ದಿನದ ಏನೂ ನನಗೆ ಸರಿಯಾಗಿ ನೆನಪಿಲ್ಲ.

ಈಗ ನನ್ನ ನಡುವಿನ ಪೈಪು ಬಿರುಕು ಬಿಟ್ಟಿದೆ. ಮತ್ತೆ ಬೆಸೆಯಲು ಕಾಕಾನ ಕಣ್ಣು ಸಾಲದು. ಬೇರೆಯವರ ಕೈಗೆ ಕೊಡಲು ಅವರು ಒಪ್ಪಲಿಲ್ಲ. ಸುಗಲಾ ಪುಣೆಯಿಂದ ಹಗುರಾದ ಹೊಸ ಒರಗು ಸೈಕಲ್ ತರಿಸಿಕೊಂಡಿದ್ದಾಳೆ. ನಾನು ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ವಾಲಿಬಾಲ್ ಬಲೆಯ ಪಕ್ಕ ಇದ್ದೇನೆ. ಗಾಲಿಗಳ ಎರಡೂ ಬದಿಗೆ ಇಟ್ಟಿಗೆ ಆನಿಸಿ, ಅಲುಗದ ಹಾಗೆ ನಿಲ್ಲಿಸಿದ್ದಾರೆ.

ಮಧ್ಯಾಹ್ನದ ಬಿಡುವಿನಲ್ಲಿ ಆಕೆ ಬರುತ್ತಾಳೆ. ರೊಟ್ಟಿ ತಿಂದು, ಡಬ್ಬಿ ಮುಚ್ಚಿ, ನನ್ನ ನವಾರಿಗೆ ಒರಗಿ ಕಣ್ಣು ಮುಚ್ಚುತ್ತಾಳೆ. ಹೊರಗೆ ಹುಡುಗಿಯರ ಗದ್ದಲ ಮೆಲ್ಲಮೆಲ್ಲಗೆ ದೂರವಾಗುತ್ತದೆ. ಉಸಿರು ನಿಧಾನವಾದ ಮೇಲೆ ಆಕೆಯ ಪಾದಗಳು ಪೆಡಲಿನ ಮೇಲೆ ಸಣ್ಣಗೆ ಅಲುಗುತ್ತವೆ, ಒಂದಾದ ಮೇಲೆ ಒಂದು. ಗಂಟೆ ಬಾರಿಸುವ ತನಕ ನಾನು ಒಂದಿಷ್ಟೂ ಕಿರುಗುಟ್ಟದೆ ಆಕೆಯನ್ನು ಹೊತ್ತುಕೊಂಡಿರುತ್ತೇನೆ.