ನಾಲ್ಕನೇ ಸುಳಿ

ನಮ್ಮ ಪ್ರೊಫೆಸರ್ ಸಿಕ್ಸ್ಟೆನ್ ಅಂದು ನಕ್ಕ ನಗು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ನಾನಾಡಿದ ಮಾತು ನೆನೆದರೆ ಇನ್ನೂ ಹೆಚ್ಚು.

ನಮ್ಮ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿನ ಪ್ರಬಂಧವನ್ನು ಪರೀಕ್ಷೆಗೆ ಮೂರು ವಾರ ಮೊದಲು ಮೊಗಸಾಲೆಯ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕು. ಜಡಿದ ಮೇಲೆ ಅದು ಎಲ್ಲರ ಸೊತ್ತು. ಅಂದು ಸಿಕ್ಸ್ಟೆನ್‌ನ ವಿದ್ಯಾರ್ಥಿನಿ ತೋರುನ್‌ಳ ಸರದಿ. ಎಂಟೇ ಎಂಟು ಪರಮಾಣುಗಳನ್ನು ಕಡುಚಳಿಯಲ್ಲಿ ಕೂಡಿಹಾಕಿ ತಿರುಗಿಸಿದರೆ ಅವುಗಳ ನಡುವೆ ನಾಲ್ಕು ಸುಳಿ ಏಳುತ್ತವೆ ಎಂಬುದು ಅವಳ ಐದು ವರ್ಷದ ದುಡಿಮೆಯ ಫಲ. ಲೆಕ್ಕದ ಪ್ರೋಗ್ರಾಮು ಬರೆದವನು ನಾನು. ಜಾಗವನ್ನು ಚೌಕಳಿ ಬಟ್ಟೆಯ ಹಾಗೆ ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುವುದು ಅದರ ಕ್ರಮ.

ಬೆಳಿಗ್ಗೆ ಅವಳು ನನ್ನ ಕೋಣೆಗೆ ಬಂದಳು.

"ಸ್ತೂರೆ, ಚೌಕಳಿನ ಸ್ವಲ್ಪ ಓರೆ ಮಾಡಿ ನೋಡ್ದೆ. ಸುಳಿಗಳೂ ಅದರ ಹಿಂದೇನೇ ತಿರುಗಿದ್ವು. ಚೌಕ ಸಣ್ಣ ಮಾಡಿದ್ರೆ ಮೂರೇ ಉಳಿಯುತ್ತೆ. ನಾಲ್ಕನೇದು ಪರಮಾಣುಗಳದ್ದಲ್ಲ, ನಿನ್ನ ಚೌಕಳಿದು. ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಕಂಡಿದ್ದೆ. ಸಣ್ಣ ಚೌಕದ ಲೆಕ್ಕಕ್ಕೆ ವಾರಗಟ್ಟಲೆ ಹಿಡಿಯುತ್ತದೆಂದು ಸೋಮಾರಿತನದಿಂದ ಬಾಯಿ ಮುಚ್ಚಿಕೊಂಡಿದ್ದೆ.

"ಇಲ್ವಲ್ಲ," ಎಂದೆ.

ನನ್ನೆದುರೇ ಅವಳು ಸಿಕ್ಸ್ಟೆನ್‌ಗೆ ಹೇಳಿದರೆ ಅವನು ನಕ್ಕುಬಿಟ್ಟ. "ಮೊದಲು ಮೊಳೆ ಹೊಡಿ ಮಾರಾಯ್ತಿ. ತಿದ್ದುಪಡಿ ಚೀಟಿ ಆಮೇಲೆ ಅಂಟಿಸಿದ್ರಾಯ್ತು. ಸುಳಿ ಎಣಿಸೋಕೆ ಯಾರು ಬರ್ತಾರೆ?"

ಹನ್ನೊಂದು ಗಂಟೆಗೆ ಇಡೀ ವಿಭಾಗ ಕಾಫಿ ಹಿಡಿದು ಹಲಗೆಯ ಮುಂದೆ ನಿಂತಿತ್ತು. ತೋರುನ್ ಸುತ್ತಿಗೆ ಎತ್ತಿದವಳು ನಮ್ಮ ಕಡೆ ತಿರುಗಿದಳು.

"ಇದರಲ್ಲಿರೋ ನಾಲ್ಕನೇ ಸುಳಿ ನಿಜವಾಗ್ಲೂ ಇಲ್ಲ. ಸ್ತೂರೆ, ಪ್ರೋಗ್ರಾಮು ನಿಂದು. ನೀನೇ ಹೇಳು."

ನನ್ನ ಕೆಲಸ ಮುಂದುವರಿಯುವುದು ಸಿಕ್ಸ್ಟೆನ್‌ನ ಸಹಿಯ ಮೇಲೆ ನಿಂತಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

"ಇನ್ನೊಮ್ಮೆ ನೋಡ್ಬೇಕಾಗುತ್ತೆ," ಎಂದೆ. ನಮ್ಮ ವಿಭಾಗದಲ್ಲಿ ಮತ್ತೆ ನೋಡುವ ಉದ್ದೇಶ ಇಲ್ಲದಿರುವಾಗ ಆಡುವ ಮಾತು ಅದು.

ತೋರುನ್‌ಳ ಮುಖದಲ್ಲಿ ಸಿಟ್ಟಿರಲಿಲ್ಲ. ತುತ್ತಿನಲ್ಲಿ ಕೂದಲು ಕಂಡವರ ಹಾಗೆ ನನ್ನನ್ನು ನೋಡಿದಳು. ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ಪ್ರಬಂಧವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಹೋದಳು.

"ನಾಳೆ ಬರ್ತಾಳೆ ಬಿಡಿ," ಎಂದ ಸಿಕ್ಸ್ಟೆನ್.

ಅವಳು ಬರಲಿಲ್ಲ. ನನ್ನ ಕೆಲಸ ಖಾಯಮಾಯಿತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ, ತಪ್ಪು ಕಂಡರೆ ಕೂಡಲೇ ಹೇಳಿಬಿಡಬೇಕೆಂದು ಮೊದಲ ಪಾಠ ಹೇಳುವವನು ನಾನೇ.