ತಂಗಿಯ ಕಣ್ಣೀರಿನ ಪಾಲು

"ಗೋಡೆ ಕಡೆ ತಿರುಗೇ, ಬೋಸುಡಿ! ಮೇಷ್ಟ್ರು ಬರ್ತಿರೋದು ಕಾಣ್ಸಲ್ವಾ?"

ಕಸದವರ ಮೇಸ್ತ್ರಿ ಬೈದ ಕೂಡಲೇ ಅಕ್ಕತಂಗಿಯರಲ್ಲಿ ದೊಡ್ಡವಳು ನೆಲ ಒರೆಸುವ ಕೋಲನ್ನು ಎದೆಗವಚಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ವಿಶ್ವವಿದ್ಯಾಲಯದ ಆ ಕಟ್ಟಡದಲ್ಲಿ ಅದೇ ಪದ್ಧತಿ. ಓದಿದವರು ಹಾಯುವಾಗ ಕಸದವರ ಮೋರೆ ಅವರ ಕಣ್ಣಿಗೆ ಬೀಳಬಾರದು. ಅವಳಪ್ಪನೂ ಹಾಗೇ ನಿಂತು ನಿಂತು ಸತ್ತ. ಸತ್ತ ಮೇಲೆ ಅವನ ಕೆಲಸ ಇವಳ ಕೊರಳಿಗೆ ಬಿತ್ತು. ಆಗ ಓದಿನಲ್ಲಿ ಇವಳೇ ತಂಗಿಗಿಂತ ಚುರುಕಾಗಿದ್ದಳು.

ಮೇಷ್ಟ್ರ ಬೂಟಿನ ಸದ್ದಿನ ಹಿಂದೆಯೇ ಚಪ್ಪಲಿಯ ಸದ್ದು ಬಂತು. ತಂಗಿಯದೇ. ಆಫ್ರಿಕಾದ ಚರಿತ್ರೆ ಓದುತ್ತಿದ್ದಾಳೆ ಮಹಾತಾಯಿ! ಅಲ್ಲಿಂದ ಹಡಗು ತುಂಬಿ ಒಯ್ದ ಜನ, ಅವರ ಮಕ್ಕಳು ಮರಿಮಕ್ಕಳು ಕಡಲಾಚೆ ಕಟ್ಟಿಕೊಂಡ ಬದುಕು, ಹಾಡು, ದಂಗೆ, ಎಲ್ಲವೂ ಅವಳ ಪಾಠ. ಚಪ್ಪಲಿಯ ಸದ್ದು ದೊಡ್ಡವಳ ಬೆನ್ನ ಹಿಂದೆ ಒಂದು ಗಳಿಗೆಯೂ ನಿಲ್ಲದೆ ಮುಂದೆ ಹೋಯಿತು.

ಸಂಜೆ ಮನೆಗೆ ಬಂದು ನೋಡಿದರೆ ಅದೇ ತಂಗಿ ಪುಸ್ತಕದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ.

"ಯಾಕೇ, ಯಾರು ಸತ್ರು?"

"ಅಕ್ಕಾ, ಹಡಗಿನ ತಳದಲ್ಲಿ ಸರಪಳಿ ಬಿಗಿದು ಮಲಗಿಸ್ತಿದ್ರಂತೆ. ಹೊರಳೋಕೂ ಜಾಗ ಇಲ್ಲ. ಕೂಸು ಸತ್ರೆ ತಾಯಿ ಎದುರಿಗೇ ಸಮುದ್ರಕ್ಕೆ ಎಸೀತಿದ್ರಂತೆ."

ತಂಗಿಯ ಓದಿನ ಮೇಲೆ ದೊಡ್ಡವಳಿಗೆ ಹೊಟ್ಟೆಕಿಚ್ಚು ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಈಗ ಎದ್ದದ್ದು ಅದಕ್ಕಿಂತ ಕೆಟ್ಟ ಉರಿ. ಎಂದೋ ಸತ್ತುಹೋದ, ಮುಖವನ್ನೇ ಕಾಣದ ಆ ಪಾಪದ ಜನರ ಮೇಲೆಯೇ ಅವಳ ಹೊಟ್ಟೆ ಉರಿಯಿತು. ತಂಗಿಯ ಕಣ್ಣೀರೆಲ್ಲ ಅವರ ಪಾಲಾಗಿತ್ತಲ್ಲ!

"ಅವರಿಗೋಸ್ಕರ ಅಳ್ತೀಯ. ಬೆಳಿಗ್ಗೆ ಆ ನಾಯಿ ನನ್ನ ಬಾಯಿಗೆ ಬಂದಂಗೆ ಬೈದಾಗ ನಿನ್ನ ಕಿವಿಗೇನು ಸೀಸ ಹುಯ್ದಿದ್ರಾ?"

"ಅದು ಬೇರೆ ಅಕ್ಕಾ. ನೀನು ನನ್ನಕ್ಕ ಅಂತ ಗೊತ್ತಾದ್ರೆ ಅಲ್ಲಿ ಯಾರೂ ನನ್ನ ಪಕ್ಕ ಕೂರಲ್ಲ."

"ಹೌದಾ ತಾಯಿ? ಅಪ್ಪ ಸತ್ತಾಗ್ಲೂ ನೀನು ಹಿಂಗೆ ಅತ್ತಿರ್ಲಿಲ್ಲ ಕಣೇ."

ಆ ರಾತ್ರಿ ದೊಡ್ಡವಳು ಉಣ್ಣದೆ ಮಲಗಿದಳು.

ಮರುದಿನ ತರಗತಿಯ ಹೊರಗೆ ನೆಲ ಒರೆಸುತ್ತಿದ್ದಾಗ ಒಳಗಿನಿಂದ ತಂಗಿಯ ದನಿ ಕೇಳಿಸಿತು. ಧಣಿಯ ಎದುರು ಗುಲಾಮರು ಕಣ್ಣೆತ್ತುವಂತಿರಲಿಲ್ಲ ಎಂದು ಓದುತ್ತ ಅವಳು ಬಿಕ್ಕಿದಳು. "ಎಂಥ ಅನ್ಯಾಯ!" ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಯಾರೋ ಮೂಗು ಒರೆಸಿಕೊಂಡರು.

ದೊಡ್ಡವಳು ಬಕೆಟ್ಟನ್ನು ಅಲ್ಲೇ ಬಿಟ್ಟಳು. ಒದ್ದೆ ಕಾಲಲ್ಲೇ ಒಳಗೆ ನಡೆದು, ಓದು ಮುಗಿಸಿ ಕೂತ ತಂಗಿಯ ಬೆಂಚಿನಲ್ಲಿ ಒತ್ತಿಕೊಂಡು ಕೂತಳು.

"ಥೂ, ಏನಿದು ಹೊಲಸು! ಯಾರಿವಳು?" ಮೇಷ್ಟ್ರು ತಂಗಿಯನ್ನು ನೋಡಿದರು. "ನಿನಗೆ ಗೊತ್ತೇನಮ್ಮಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು.

"ಗೊತ್ತಿಲ್ವಂತೆ! ಒಂದೇ ಹೊಟ್ಟೇಲಿ ಹುಟ್ಟಿದ್ದೀವಿ ಸ್ವಾಮಿ. ಹಡಗಿನೋರಿಗೋಸ್ಕರ ಅತ್ತಾಯ್ತಲ್ಲ, ಈಗ ನನಗೋಸ್ಕರಾನೂ ಒಂದ್ಸಲ ಅಳ್ಲಿ. ಅಲ್ಲೀವರೆಗೂ ನಾನು ಏಳಲ್ಲ."

ಮೇಸ್ತ್ರಿ ಓಡಿಬಂದು ಅವಳ ರಟ್ಟೆ ಹಿಡಿದ. "ಏಳೇ, ರಂಡೆ!"

ಅವಳು ಇನ್ನೊಂದು ಕೈಯಿಂದ ಬೆಂಚಿನ ಕಾಲನ್ನು ತಬ್ಬಿ ಹಿಡಿದಳು. ಅವನು ಹಲ್ಲು ಕಚ್ಚಿ ಎಳೆದ. ಅವಳು ಕೆಳಗೆ ಬಿದ್ದರೂ ಕೈ ಬಿಡಲಿಲ್ಲ. ಬೆಂಚು ಕಿರ್ರೆಂದು ಅರಚುತ್ತ, ಮೇಲೆ ಕೂತ ತಂಗಿಯ ಸಮೇತ, ಬಾಗಿಲ ಕಡೆಗೆ ಜರುಗತೊಡಗಿತು.